ಬಿಚ್ಚಿ ಜೋಡಿಸಿದ ವಿಮಾನ

ಸರ್ವೀಸ್ ಮಾಡಿಸಿದ ಮಾರನೇ ದಿನವೇ ಬೈಕ್ ಕೈಕೊಟ್ಟರೆ ಎಷ್ಟು ಸಿಟ್ಟು ಬರುತ್ತದೆ, ಅಲ್ವಾ? ನಮ್ಮ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಒಬ್ಬರು ಮೆಕ್ಯಾನಿಕ್ ಜೊತೆ ಜಗಳಕ್ಕೇ ನಿಂತಿದ್ದರು. "ಚೆನ್ನಾಗೇ ಇತ್ತಲ್ಲಪ್ಪ, ನೀನು ಬಿಚ್ಚಿದ ಮೇಲೇ ಕೆಟ್ಟಿದ್ದು!" ಆ ಮಾತಿನಲ್ಲಿ ಹುರುಳಿದೆ. ವಿಮಾನ ರಿಪೇರಿಯಲ್ಲಿ ಮೂವತ್ತು ವರ್ಷ ಕಳೆದ ನನಗೂ ಹಳೇ ವಿಮಾನಕ್ಕಿಂತ, ಆಗಷ್ಟೇ ಬಿಚ್ಚಿ ಜೋಡಿಸಿದ ವಿಮಾನ ಕಂಡರೇ ಜಾಸ್ತಿ ಹೆದರಿಕೆ.

ತರಬೇತಿಗೆ ಬಳಸುವ ಸೆಸ್ನಾ 152, 172ರಂಥ ವಿಮಾನಗಳಿಗೆ ಎಂಜಿನ್ ಒಂದೇ. 50 ಗಂಟೆ, 100 ಗಂಟೆ ಹಾರಾಟಕ್ಕೊಮ್ಮೆ ತಪಾಸಣೆ. ಆಯಿಲ್ ಬದಲಿಸಬೇಕು, ಪ್ಲಗ್ ತೆಗೆದು ನೋಡಬೇಕು. ನೂರು ಸಲ ಮಾಡಿದ ಕೆಲಸ. ಕೈ ತಪ್ಪುವುದೂ ಅಲ್ಲೇ.

ಒಮ್ಮೆ ಆಯಿಲ್ ಫಿಲ್ಟರ್ ಹಾಕುತ್ತಿದ್ದೆ. ಕೈಯಲ್ಲಿ ತಿರುಗಿಸಿ ಕೂರಿಸಿದ್ದೆ. ಟಾರ್ಕ್ ಕೊಟ್ಟು, ಅಂದರೆ ಅಳತೆ ನೋಡಿ ಬಿಗಿದು, ಸಡಿಲವಾಗದಂತೆ ಹಿಡಿಯುವ ಲಾಕ್ ವೈರ್ ಕಟ್ಟುವುದು ಬಾಕಿ. ಯಾರೋ ಕರೆದರು. ಹೋದೆ, ಟೀ ಕುಡಿದೆ, ಬಂದವನೇ ಮುಂದಿನ ಕೆಲಸಕ್ಕೆ ಕೈಹಾಕಿದೆ. ನನ್ನ ತಲೆಯೊಳಗೆ ಫಿಲ್ಟರ್ ಕೆಲಸ ಮುಗಿದುಹೋಗಿತ್ತು! ಸಹಿ ಹಾಕುವ ಮುಂಚೆ ಜೊತೆಗಿದ್ದ ಹುಡುಗ ಟಾರ್ಚ್ ಬಿಟ್ಟು ನೋಡಿ, "ಸಾರ್, ವೈರ್ ಎಲ್ಲಿ?" ಎಂದ. ಹಾಗೇ ಹಾರಿದ್ದರೆ ಎಂಜಿನ್ ನಡುಕಕ್ಕೆ ಫಿಲ್ಟರ್ ಸಡಿಲವಾಗಿ, ಆಯಿಲ್ ಸೋರಿ, ಎಂಜಿನ್ ಜಾಮ್ ಆಗಬಹುದಿತ್ತು. ಆಮೇಲೆ ಮಧ್ಯೆ ಎದ್ದುಹೋದಾಗಲೆಲ್ಲ ಮೂರು ಹಂತ ಹಿಂದಿನಿಂದ ಶುರು ಮಾಡುತ್ತಿದ್ದೆ. ನಮ್ಮಪ್ಪ ಇಲ್ಲಿನ ಹತ್ತಿ ಗಿರಣಿಯಲ್ಲಿ ಫಿಟ್ಟರ್. ಅರ್ಧ ಬಿಗಿದ ನಟ್ಟಿಗೆ ಕೆಂಪು ಬಟ್ಟೆಚೂರು ಕಟ್ಟಿ ಊಟಕ್ಕೆ ಬರುತ್ತಿದ್ದರು. ಆಗ ನಗುತ್ತಿದ್ದೆ.

ತಪ್ಪು ಮೊದಲ ಹಾರಾಟದಲ್ಲೇ ಬಯಲಾಗುತ್ತದೆ ಅನ್ನುವಂತಿಲ್ಲ. 2003ರ ಜನವರಿ 8ರಂದು ಅಮೆರಿಕದ ಶಾರ್ಲಟ್‌ನಲ್ಲಿ ಬೀಚ್ 1900ಡಿ ಎಂಬ 19 ಸೀಟಿನ ವಿಮಾನ ಮೇಲೇರುತ್ತಲೇ ಬಿದ್ದು, ಪೈಲಟ್‌ಗಳೂ ಸೇರಿ 21 ಜನ ಸತ್ತರು. ಎರಡು ರಾತ್ರಿ ಹಿಂದೆ ಅದರ ಎಲಿವೇಟರ್, ಅಂದರೆ ಮೂತಿ ಏರಿಸಿ ತಗ್ಗಿಸುವ ಬಾಲದ ಹಲಗೆಯ, ಕೇಬಲ್ಲಿನ ಬಿಗಿ ಸರಿಮಾಡಿದ್ದರು. ಕೇಬಲ್ ಬಿಗಿಮಾಡುವ ತಿರುಪು ಟರ್ನ್‌ಬಕಲ್ ತಿರುಗಿಸಿದ್ದು ತಪ್ಪಾಗಿ, ವಿಮಾನದ ಮೂತಿ ತಗ್ಗಿಸುವ ಚಲನೆ ಸುಮಾರು ಅರ್ಧಕ್ಕೆ ಇಳಿದಿತ್ತು. ಕೈಪಿಡಿಯ ಕೆಲವು ಹಂತಗಳನ್ನು ಹಾರಿಸಿದ್ದರು. ಆದರೂ ಅದು ಒಂಬತ್ತು ಸಲ ಹಾರಿ ಇಳಿದಿತ್ತು! ಹಿಂಭಾಗದ ಭಾರ ಮಿತಿಮೀರಿ ಮೂತಿ ಮೇಲೆದ್ದ ಆ ದಿನ, ಅದನ್ನು ತಗ್ಗಿಸಲು ಪೈಲಟ್‌ಗೆ ಕಳೆದುಹೋದ ಅರ್ಧ ಬೇಕಾಯಿತು.

ಕಂಟ್ರೋಲ್ ಕೇಬಲ್ ಮುಟ್ಟಿದರೆ ಇಬ್ಬರು ಬೇರೆ ಬೇರೆಯಾಗಿ ನೋಡಿ ಸಹಿ ಮಾಡಬೇಕು ಅನ್ನುವ ಪದ್ಧತಿ ಇದೆ. "ಅಣ್ಣ ನೋಡಿದ್ದಾರಲ್ಲ" ಎಂದು ಎರಡನೆಯವರು ಸುಮ್ನೆ ಸಹಿ ಎಳೆದರೆ ಆ ಪದ್ಧತಿ ಇದ್ದೂ ಇಲ್ಲದಂತೆ. ಇಂಥ ಸಹಿಗಳನ್ನು ನಾನು ಕಂಡಿದ್ದೇನೆ.

ಪಕ್ಕದ ಮನೆಯ ಹುಡುಗಿ ಪೈಲಟ್ ತರಬೇತಿಗೆ ಹೊರಟಿದ್ದಾಳೆ. ರಿಪೇರಿಯಿಂದ ಬಂದ ವಿಮಾನವಾದರೆ ಏನೇನು ಬಿಚ್ಚಿದ್ದರು ಅಂತ ಮೊದಲು ಕೇಳು ಎಂದೆ. ಪೈಲಟ್ ಹಿಡಿಯುವ ಹ್ಯಾಂಡಲ್ ಸಲೀಸಾಗಿ ಆಡಿದರೆ ಸಾಲದು, ರೆಕ್ಕೆಯ ಏಲೆರಾನ್, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ಹಲಗೆ, ಯಾವ ಕಡೆ ಆಡುತ್ತದೆ ಅಂತಲೂ ನೋಡಬೇಕು. ಕೇಬಲ್ ಅದಲುಬದಲಾಗಿದ್ದರೂ ಹ್ಯಾಂಡಲ್ ಬೆಣ್ಣೆಯಂತೆ ತಿರುಗುತ್ತದೆ. ಹ್ಯಾಂಡಲ್ ಅಂದುಕೋ ಎಂದು ಅವಳ ಕೈಗೆ ಊಟದ ತಟ್ಟೆ ಕೊಟ್ಟು, ಎರಡೂ ಹೆಬ್ಬೆಟ್ಟು ಮೇಲೆ ಮಾಡಿಸಿ, ಎಡಕ್ಕೆ ತಿರುಗಿಸಲು ಹೇಳಿದೆ. ಹೆಬ್ಬೆಟ್ಟು ವಾಲಿದ ಕಡೆಯ ಏಲೆರಾನ್ ಮೇಲೇಳಬೇಕು.

"ಅಂಕಲ್, ಎಡಗಡೆದು ಕೆಳಗೆ ಹೋದರೆ?"

"ಎಂಜಿನ್ ಆಫ್ ಮಾಡಿ ಇಳಿದು ಬಾರವ್ವ."