ಟಾಮಿ ಜಾನ್ ಆಪರೇಷನ್ ಮಾಡಿಸಿದರೆ ವೇಗ ಬರುವುದಿಲ್ಲ

ಹುಡುಗನಿಗೆ ಹದಿನೈದು ವರ್ಷ. ಬಲ ಮೊಣಕೈಯ ಒಳಬದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಹುಬ್ಬು ಗಂಟಿಕ್ಕುತ್ತಾನೆ, ಬಾಯಿ ಬಿಟ್ಟು ನೋವು ಅನ್ನುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಅವರಪ್ಪ ಹಾಸನದ ಕಡೆಯವರು. ಸ್ವಲ್ಪ ಹೊತ್ತು ತಡೆದು ಕೇಳಿದರು: "ಮೇಡಂ, ಹೇಗೂ ಮುಂದೆ ಬೇಸ್‌ಬಾಲೇ ಆಡ್ತೀನಿ ಅಂತ ಕೂತಿದಾನೆ. ಆ ಟಾಮಿ ಜಾನ್ ಆಪರೇಷನ್ ಈಗ್ಲೇ ಮಾಡಿಸಿಬಿಟ್ರೆ ಹೇಗೆ? ಆಮೇಲೆ ಸ್ಪೀಡ್ ಜಾಸ್ತಿ ಆಗತ್ತಂತಲ್ಲ?"

ಡಲ್ಲಾಸ್ ಸುತ್ತಮುತ್ತ ಹದಿನಾಲ್ಕು ವರ್ಷದಿಂದ ಫಿಸಿಯೊಥೆರಪಿ ಮಾಡುತ್ತಿದ್ದೇನೆ. ಈ ಪ್ರಶ್ನೆ ಕಿವಿಗೆ ಬೀಳದ ತಿಂಗಳಿಲ್ಲ. ಮೊಣಕೈಯ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್, ಹರಿದಾಗ ಅದರ ಜಾಗಕ್ಕೆ ಬೇರೆಡೆಯಿಂದ ರಜ್ಜು ತೆಗೆದು ಕಸಿ ಮಾಡುವುದೇ ಟಾಮಿ ಜಾನ್ ಆಪರೇಷನ್. ನಮ್ಮವರಷ್ಟೇ ಹೀಗೆ ಕೇಳುತ್ತಾರೆ ಅಂತಲ್ಲ. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಹೈಸ್ಕೂಲ್ ಆಟಗಾರರ ಪೈಕಿ ನೂರಕ್ಕೆ 51 ಮಂದಿ, ಅಪ್ಪ ಅಮ್ಮಂದಿರಲ್ಲಿ 37 ಮಂದಿ, ಗಾಯವೇ ಇಲ್ಲದಿದ್ದರೂ ಆಟ ಸುಧಾರಿಸಲಿ ಅಂತ ಈ ಆಪರೇಷನ್ ಮಾಡಿಸಬಹುದು ಎಂದಿದ್ದರು. ಚೆನ್ನಾಗಿರುವ ಕೈಯನ್ನು ಕೊಯ್ಯಿಸುವ ಮಾತಿದು. ನನಗೆ ಸಿಟ್ಟು ಬರುತ್ತದೆ. ಮಗುವಿನ ಮುಖ ನೋಡಿ ತಡೆದುಕೊಳ್ಳುತ್ತೇನೆ.

ಯಾರ ಹೆಸರಿನಿಂದ ಈ ಆಪರೇಷನ್ ಹೇಳುತ್ತಾರೋ ಆ ಮನುಷ್ಯನ ಕಥೆಯನ್ನೇ ನೋಡಿ. ಟಾಮಿ ಜಾನ್ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್, ಅಂದರೆ ಬ್ಯಾಟರಿಗೆ ಚೆಂಡೆಸೆಯುವವರು. 1974ರ ಜುಲೈಯಲ್ಲಿ ಚೆಂಡೆಸೆಯುವಾಗ ಮೊಣಕೈಯ ಲಿಗಮೆಂಟ್ ಹರಿಯಿತು. ಸೆಪ್ಟೆಂಬರಿನಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಆತನ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಕಸಿ ಮಾಡಿದರು. ಮತ್ತೆ ಆಡುವ ಸಾಧ್ಯತೆ ನೂರರಲ್ಲಿ ಒಂದು ಎಂದಿದ್ದರು. ನರಕ್ಕೆ ತೊಂದರೆಯಾಗಿ ಬೆರಳುಗಳು ಸೆಟೆದುಕೊಂಡವು, ಇನ್ನೊಂದು ಆಪರೇಷನ್ ಆಯಿತು. 1975 ಪೂರ್ತಿ ಆಡಲಿಲ್ಲ. 1976ರಲ್ಲಿ ಮರಳಿ ಬಂದು 1989ರವರೆಗೆ, ನಲವತ್ತಾರರ ವಯಸ್ಸಿನವರೆಗೆ, ಆಡಿದರು. ಒಟ್ಟು 288 ಗೆಲುವುಗಳಲ್ಲಿ 164 ಆಪರೇಷನ್ ನಂತರದವು. ಈ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆದರೆ ಟಾಮಿ ಜಾನ್ ವೇಗದ ಪಿಚರ್ ಆಗಿರಲೇ ಇಲ್ಲ! ಬ್ಯಾಟರ್ ಹತ್ತಿರ ಬರುವ ಹೊತ್ತಿಗೆ ಕೆಳಕ್ಕಿಳಿಯುವ ಸಿಂಕರ್ ಎಸೆತವೇ ಅವರ ಅನ್ನ. ಆಪರೇಷನ್ನಿಗೆ ಮೊದಲೂ ಅದೇ, ಆಮೇಲೂ ಅದೇ.

ಹಾಗಾದರೆ ವೇಗ ಹೆಚ್ಚಾಯಿತು ಅನ್ನುವ ಹುಡುಗರು ಸುಳ್ಳು ಹೇಳುತ್ತಾರಾ? ಇಲ್ಲ. ಲಿಗಮೆಂಟ್ ಹರಿಯುವ ಮೊದಲಿನ ತಿಂಗಳುಗಳಲ್ಲಿ ನೋವಿಗೆ ವೇಗ ಬಿದ್ದಿರುತ್ತದೆ, ಹೋಲಿಕೆ ಅಲ್ಲಿಂದ ಶುರುವಾಗುತ್ತದೆ. ಆಪರೇಷನ್ ಆದಮೇಲೆ ಹನ್ನೆರಡರಿಂದ ಹದಿನೆಂಟು ತಿಂಗಳು ನಮ್ಮಂಥವರು ಕಾಲು, ಸೊಂಟ, ಬೆನ್ನು, ಭುಜ ಎಲ್ಲಕ್ಕೂ ವ್ಯಾಯಾಮ ಮಾಡಿಸುತ್ತೇವೆ. ಅಷ್ಟರಲ್ಲಿ ಹದಿನಾರರ ಹುಡುಗನಿಗೆ ಹದಿನೇಳು ದಾಟಿರುತ್ತದೆ, ಮೀಸೆ ಬಂದಿರುತ್ತದೆ. ವೇಗ ಬಂದದ್ದು ಅಲ್ಲಿಂದ. ಅದೇ ವ್ಯಾಯಾಮವನ್ನು ಕೊಯ್ಯಿಸಿಕೊಳ್ಳದೆಯೂ ಮಾಡಬಹುದು. ಆದರೆ ಹಾಗಂದರೆ ಯಾರಿಗೂ ಉತ್ಸಾಹ ಬರುವುದಿಲ್ಲ. ವೃತ್ತಿಪರ ಪಿಚರುಗಳ ವೇಗವನ್ನು ಆಪರೇಷನ್ನಿಗೆ ಮೊದಲು, ಆಮೇಲೆ ಅಳೆದು ನೋಡಿದ ಅಧ್ಯಯನಗಳಲ್ಲಿ ಹೆಚ್ಚಳ ಕಂಡಿಲ್ಲ.

"ನಾವು ಚಿಕ್ಕವರಿದ್ದಾಗ ಬೆಳಗ್ಗಿಂದ ಸಂಜೆವರೆಗೂ ಬೌಲಿಂಗ್ ಮಾಡ್ತಿದ್ವಿ, ಏನೂ ಆಗಿಲ್ಲ" ಅಂತ ಅಪ್ಪಂದಿರು ಹೇಳುತ್ತಾರೆ. ಕ್ರಿಕೆಟ್ಟಿನಲ್ಲಿ ಬೌಲ್ ಮಾಡುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ನೋಬಾಲ್. ಬೇಸ್‌ಬಾಲಿನಲ್ಲಿ ಮೊಣಕೈ ಸುಮಾರು 90 ಡಿಗ್ರಿ ಮಡಚಿ, ಮುಂಗೈ ಹಿಂದಕ್ಕೆ ವಾಲಿ, ಅಲ್ಲಿಂದ ಚಾಟಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಕ್ರಿಕೆಟ್ಟು ಯಾವುದನ್ನು ಚಕಿಂಗ್ ಅಂತ ನಿಷೇಧಿಸಿದೆಯೋ, ಪಿಚರಿನ ಕೆಲಸವೇ ಅದು. ಶ್ರೀನಾಥ್ ಅವರಿಗೆ 1997ರಲ್ಲಿ ತೊಂದರೆಯಾದದ್ದು ಭುಜದಲ್ಲಿ, ಮೊಣಕೈಯಲ್ಲಲ್ಲ.

ಮುಂಗೈ ಹಾಗೆ ಹಿಂದಕ್ಕೆ ವಾಲಿ ಬಿಚ್ಚಿಕೊಳ್ಳುವ ಕ್ಷಣದಲ್ಲಿ ವೃತ್ತಿಪರ ಪಿಚರಿನ ಮೊಣಕೈ ಮೇಲೆ ಬೀಳುವ ತಿರುಚುಬಲ ಸುಮಾರು 64 ನ್ಯೂಟನ್ ಮೀಟರ್. ಲಿಗಮೆಂಟ್ ಒಂದೇ ಹೊತ್ತರೆ ಅದರ ಅರ್ಧದ ಹೊತ್ತಿಗೇ ಹರಿದುಹೋಗುತ್ತದೆ. ಉಳಿದದ್ದನ್ನು ಮುಂಗೈ ಸ್ನಾಯುಗಳು ಹೊರುತ್ತವೆ. ಸ್ನಾಯು ದಣಿದರೆ? ಪೂರ್ತಿ ಭಾರ ಆ ಸಣ್ಣ ಪಟ್ಟಿಯ ಮೇಲೆ. ಮತ್ತೆ ಮತ್ತೆ ದಣಿದ ಕೈಯಲ್ಲೇ ಎಸೆಯುವ ಹುಡುಗರಿಗೆ ಆಪರೇಷನ್ ಮಟ್ಟದ ಗಾಯವಾಗುವ ಸಂಭವ 36 ಪಟ್ಟು ಎಂದು ಅಲಬಾಮದ ಬರ್ಮಿಂಗ್‌ಹ್ಯಾಮಿನ ಸಂಶೋಧಕರು 2006ರಲ್ಲೇ ಹೇಳಿದ್ದಾರೆ.

ಆವತ್ತು ಆ ಅಪ್ಪನಿಗೆ ಪೆನ್ನು ಕೊಟ್ಟು ಹಿಂದಿನ ವಾರದ ಎಸೆತಗಳ ಲೆಕ್ಕ ಬರೆಸಿದೆ. ಮಂಗಳವಾರ ಶಾಲೆ ತಂಡಕ್ಕೆ 70. ಶನಿವಾರ ಕ್ಲಬ್ ಟೂರ್ನಮೆಂಟಿನಲ್ಲಿ 85. ಭಾನುವಾರ ಕಾಲೇಜು ತಂಡಗಳವರು ವೇಗ ಅಳೆಯುವ ರೇಡಾರ್ ಗನ್ ಹಿಡಿದು ನೋಡುವ ಶಿಬಿರದಲ್ಲಿ 40. ಅಮೆರಿಕದ ದೊಡ್ಡ ವೃತ್ತಿಪರ ಲೀಗಾದ ಮೇಜರ್ ಲೀಗ್ ಬೇಸ್‌ಬಾಲೇ 2014ರಲ್ಲಿ ಹೊರತಂದ ಸೂಚನೆಗಳ ಪ್ರಕಾರ ಈ ವಯಸ್ಸಿಗೆ ದಿನಕ್ಕೆ 95 ಮಿತಿ, 76 ಮುಟ್ಟಿದರೆ ನಾಲ್ಕು ದಿನ ಬಿಡುವು. ಶನಿವಾರದ 85 ತಪ್ಪಲ್ಲ. ಭಾನುವಾರ ಚೆಂಡು ಮುಟ್ಟಲೇಬಾರದಿತ್ತು. ಶಾಲೆಯ ಕೋಚ್ ತನ್ನ ಲೆಕ್ಕ ಸರಿಯಾಗಿಟ್ಟಿದ್ದರು, ಕ್ಲಬ್ಬಿನವರೂ ಇಟ್ಟಿದ್ದರು. ಕೂಡಿಸಿ ನೋಡಿದವರು ಯಾರೂ ಇರಲಿಲ್ಲ.

ನಾನು ಆಪರೇಷನ್ ವಿರೋಧಿಯಲ್ಲ. ಲಿಗಮೆಂಟ್ ಪೂರ್ತಿ ಹರಿದ ಪಿಚರಿಗೆ ಅದು ಮರುಜನ್ಮವೇ. ಮಾಡಿಸಬೇಕೋ ಬೇಡವೋ ಎಂಬುದನ್ನು ಎಂಆರ್‌ಐ ನೋಡಿ, ಕೈ ಮುಟ್ಟಿ ನೋಡಿ ಸರ್ಜನ್ ಹೇಳಬೇಕು, ಈ ಅಂಕಣ ಓದಿ ಯಾರೂ ತೀರ್ಮಾನಿಸಬೇಡಿ. ಮೇಜರ್ ಲೀಗಿನ ಪಿಚರುಗಳಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಮಂದಿ ಮರಳಿ ಆಡಿದ್ದಾರೆ. ಅವರ ಹಿಂದೆ ತಂಡದ ವೈದ್ಯರು, ತರಬೇತುದಾರರು, ಸಂಬಳ ಎಲ್ಲ ಇರುತ್ತದೆ. ನಮ್ಮೂರಿನ ರೇಂಜರ್ಸ್ ತಂಡದ ಜೇಕಬ್ ಡಿಗ್ರಾಮ್ 185 ಮಿಲಿಯನ್ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿ, 2023ರಲ್ಲಿ ಆರೇ ಪಂದ್ಯ ಆಡಿ ಎರಡನೇ ಸಲ ಈ ಆಪರೇಷನ್ನಿಗೆ ಹೋದರು. ಕಸಿ ಮಾಡಿದ ಲಿಗಮೆಂಟಿಗೂ ಆಯುಸ್ಸು ಇದೆ.

ಹುಡುಗನಿಗೆ ಹೆಬ್ಬೆರಳು, ಕಿರುಬೆರಳು ಕೂಡಿಸಿ ಮಣಿಕಟ್ಟು ಮಡಚು ಅಂದೆ. ನಡುವೆ ಸಣ್ಣ ಹುರಿಯಂತೆ ಒಂದು ರಜ್ಜು ಎದ್ದು ನಿಂತಿತು. "ಇದನ್ನೇ ತೆಗೆದು ಮೊಣಕೈಗೆ ಕಟ್ಟೋದು, ಮೂಳೆಗೆ ತೂತು ಕೊರೆದು" ಅಂತ ತೋರಿಸಿದೆ. ಬೆರಳಿನಿಂದ ಅದನ್ನು ಎರಡು ಮೂರು ಸಲ ಸವರಿ ನೋಡಿಕೊಂಡ. ಅವನ ಎಂಆರ್‌ಐಯಲ್ಲಿ ಲಿಗಮೆಂಟ್ ಹರಿದಿರಲಿಲ್ಲ, ಊತವಷ್ಟೇ ಇತ್ತು. ನಾಲ್ಕು ತಿಂಗಳು ಎಸೆಯುವುದನ್ನು ನಿಲ್ಲಿಸಿದೆವು. ಅಷ್ಟು ದಿನ ಬ್ಯಾಸ್ಕೆಟ್‌ಬಾಲ್ ಆಡಿದ. ಮತ್ತೆ ಎಸೆಯಲು ಶುರು ಮಾಡುವ ಮೊದಲು ಅಪ್ಪ ಒಂದು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ಗೆರೆ ಎಳೆದು ಮೂರು ಕಾಲಂ ಮಾಡಿದ್ದರು: ಶಾಲೆ, ಕ್ಲಬ್, ಮನೆ ಹಿತ್ತಲು. ಹಿತ್ತಲಲ್ಲಿ ತಾವೇ ಎಸೆಸುತ್ತಿದ್ದ ಲೆಕ್ಕವನ್ನು ಆವತ್ತು ಹೇಳಿರಲಿಲ್ಲ.