ಉಗಿ ಇಂಜಿನ್ನಿನ ರೆಗ್ಯುಲೇಟರ್ ಕಾರಿನ ಆಕ್ಸಿಲರೇಟರಿನಂತೆಯೇ?

ಓದುಗರ ಪ್ರಶ್ನೆ: ಉಗಿ ಇಂಜಿನ್ನಿನ ಚಾಲಕರು ಎಳೆಯುತ್ತಿದ್ದ ಉದ್ದನೆಯ ಹಿಡಿ, ಅಂದರೆ ರೆಗ್ಯುಲೇಟರ್, ಕಾರಿನ ಆಕ್ಸಿಲರೇಟರಿನ ಹಾಗೆಯೇ ಕೆಲಸ ಮಾಡುತ್ತಿತ್ತೇ? ಹಾಗಿದ್ದರೆ ಅದರ ಜೊತೆಗೆ ಇನ್ನೊಂದು ತಿರುಗುಚಕ್ರ ಏಕೆ ಬೇಕಿತ್ತು?

ಉತ್ತರ: ಈ ಹೋಲಿಕೆ ಅರ್ಧ ಮಾತ್ರ ಸರಿ. ಕಾರಿನಲ್ಲಿ ಪೆಡಲ್ ಒತ್ತಿದಾಗ ಆ ಕ್ಷಣಕ್ಕೆ ಎಷ್ಟು ಇಂಧನ ಉರಿಯಬೇಕೆಂಬುದು ನಿರ್ಧಾರವಾಗುತ್ತದೆ. ಉಗಿ ಇಂಜಿನ್ನಿನಲ್ಲಿ ಬೆಂಕಿಯ ಕೆಲಸ ಮೊದಲೇ ನಡೆದು, ಉಗಿಯು ಬಾಯ್ಲರಿನಲ್ಲಿ ಒತ್ತಡದಲ್ಲಿ ಕಾದು ನಿಂತಿರುತ್ತದೆ. ರೆಗ್ಯುಲೇಟರ್ ಆ ದಾಸ್ತಾನಿಗೂ ಸಿಲಿಂಡರಿಗೂ ನಡುವೆ ಇರುವ ಕವಾಟ. ಸಿಲಿಂಡರಿಗೆ ಬಂದ ಉಗಿಯನ್ನು ಪಿಸ್ಟನ್ನಿನ ಪ್ರತಿ ನಡೆಯಲ್ಲೂ ಎಷ್ಟರ ಮಟ್ಟಿಗೆ ಬಳಸಬೇಕು ಎಂಬುದನ್ನು ನಿರ್ಧರಿಸುವುದು ನೀವು ಕೇಳಿರುವ ಎರಡನೆಯ ಸಾಧನ, ರಿವರ್ಸರ್. ಇವೆರಡನ್ನೂ ಕೂಡಿಸಿ ನೋಡದೆ ಉಗಿ ಇಂಜಿನ್ ಓಡಿಸುವ ಕಲೆ ಅರ್ಥವಾಗುವುದಿಲ್ಲ.

ಮೊದಲು ಕವಾಟ ಇರುವ ಜಾಗವನ್ನು ನೋಡೋಣ. ಹಿಡಿ ಚಾಲಕನ ಮುಂದೆ ಇದ್ದರೂ ಬಹುಪಾಲು ಇಂಜಿನ್‌ಗಳಲ್ಲಿ ಕವಾಟ ಇರುತ್ತಿದ್ದುದು ಬಾಯ್ಲರಿನ ಬೆನ್ನ ಮೇಲೆ ಉಬ್ಬಿಕೊಂಡು ಕಾಣುವ ಗುಮ್ಮಟದೊಳಗೆ. ಹಿಡಿಗೆ ಜೋಡಿಸಿದ ಉಕ್ಕಿನ ಸರಳು ಬಾಯ್ಲರಿನ ಹಿಂಗೋಡೆಯನ್ನು ಹೊಕ್ಕು, ಒಳಗಿನಿಂದಲೇ ಗುಮ್ಮಟದವರೆಗೆ ಸಾಗುತ್ತದೆ. ಅಷ್ಟು ಎತ್ತರದ ಜಾಗವನ್ನು ಆರಿಸಲು ಕಾರಣವಿದೆ. ಕುದಿಯುವ ನೀರು ಸದಾ ಚಿಮ್ಮುತ್ತಿರುತ್ತದೆ. ನೀರಿನ ಮಟ್ಟದಿಂದ ಆದಷ್ಟು ಮೇಲೆ ಹೋದರೆ ಮಾತ್ರ ಒಣ ಉಗಿ ಸಿಗುತ್ತದೆ. ಉಗಿಯ ಜೊತೆ ನೀರೂ ಸಿಲಿಂಡರಿಗೆ ಹೊಕ್ಕರೆ, ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ, ಪಿಸ್ಟನ್ನಿನ ಹೊಡೆತಕ್ಕೆ ಸಿಲಿಂಡರಿನ ಮುಚ್ಚಳವೇ ಒಡೆದುಹೋಗಬಹುದು.

ಈ ಕವಾಟವನ್ನು ತೆರೆಯುವುದು ಕೈತಿರುವಿನಷ್ಟು ಸುಲಭದ ಕೆಲಸವಲ್ಲ. 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಭಾರತಕ್ಕೆ ಬಂದ ಡಬ್ಲ್ಯುಪಿ ವರ್ಗದ ಇಂಜಿನ್‌ಗಳ ಬಾಯ್ಲರ್ ಒತ್ತಡ ಚದರ ಇಂಚಿಗೆ 210 ಪೌಂಡ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 14.7 ಕಿಲೋಗ್ರಾಂ. ಆ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ. 60 ಚದರ ಸೆಂಟಿಮೀಟರ್ ವಿಸ್ತೀರ್ಣದ ಒಂದು ಜಾರು ಕವಾಟವನ್ನು ಊಹಿಸಿಕೊಂಡರೆ, ಅದರ ಮೇಲೆ ಉಗಿ ಹೇರುವ ಭಾರ 880 ಕಿಲೋಗ್ರಾಮಿನಷ್ಟಾಗುತ್ತದೆ. ಆ ಭಾರಕ್ಕೆ ಪೀಠಕ್ಕೆ ಅಂಟಿಕೊಂಡ ಲೋಹದ ತಟ್ಟೆಯನ್ನು ಒಂದೇ ಸಲಕ್ಕೆ ಸರಿಸಲು ಹೋದರೆ ಅದು ಮೊದಲು ಅಲುಗುವುದೇ ಇಲ್ಲ, ಅಲುಗಿದಾಗ ಥಟ್ಟನೆ ಪೂರ್ತಿ ತೆರೆದುಕೊಳ್ಳುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರ ನನಗೆ ಇಡೀ ಇಂಜಿನ್ನಿನಲ್ಲೇ ಅತ್ಯಂತ ಜಾಣ ರಚನೆಗಳಲ್ಲೊಂದಾಗಿ ಕಾಣುತ್ತದೆ. ದೊಡ್ಡ ಕವಾಟದ ಬೆನ್ನಿಗೆ ಇನ್ನೊಂದು ಚಿಕ್ಕ ಕವಾಟವನ್ನು ಕೂರಿಸಿ, ಹಿಡಿಯ ಮೊದಲ ಚಲನೆಗೆ ಆ ಚಿಕ್ಕದು ಮಾತ್ರ ತೆರೆಯುವಂತೆ ಮಾಡಿದರು. ಅದರ ಕಿಂಡಿಯಿಂದ ಇಳಿದ ಉಗಿ ಕೆಳಗಿನ ಕೊಳವೆಯನ್ನು ತುಂಬುತ್ತಾ ಬಂದಂತೆ ದೊಡ್ಡ ಕವಾಟದ ಮೇಲಿನ ಮತ್ತು ಕೆಳಗಿನ ಒತ್ತಡಗಳ ಅಂತರ ಕುಗ್ಗುತ್ತದೆ. ಆಮೇಲೆ ಅದೂ ಹಗುರಾಗಿ ಸರಿಯುತ್ತದೆ. ಇನ್ನು ಕೆಲವು ಇಂಜಿನ್‌ಗಳಲ್ಲಿ ಉಗಿಯ ಒತ್ತಡ ಎರಡೂ ಬದಿಯಿಂದ ಬಹುತೇಕ ಸಮವಾಗಿ ಬೀಳುವಂಥ ಜೋಡಿ ಕವಾಟಗಳಿದ್ದವು.

ನಿಂತ ಗಾಡಿಯನ್ನು ಹೊರಡಿಸುವಾಗ ಈ ಚಿಕ್ಕ ಕವಾಟದ ಬೆಲೆ ತಿಳಿಯುತ್ತದೆ. ಚಾಲಕ ರಿವರ್ಸರನ್ನು ಪೂರ್ತಿ ಮುಂದಕ್ಕೆ ತಿರುಗಿಸುತ್ತಾನೆ. ತಣ್ಣಗಿರುವ ಸಿಲಿಂಡರಿನಲ್ಲಿ ಉಗಿ ನೀರಾಗುವುದರಿಂದ ಅದು ಹರಿದುಹೋಗಲು ಸಿಲಿಂಡರಿನ ಅಡಿಯ ನಲ್ಲಿಗಳನ್ನು ತೆರೆದಿಡುತ್ತಾನೆ. ಬ್ರೇಕ್ ಬಿಟ್ಟು ರೆಗ್ಯುಲೇಟರನ್ನು ಸ್ವಲ್ಪವೇ ಸ್ವಲ್ಪ ಎಳೆದು ಕಾಯುತ್ತಾನೆ. ಹೆಚ್ಚು ಎಳೆದರೆ ಚಕ್ರಗಳು ಹಳಿಯ ಮೇಲೆ ಹಿಡಿತ ತಪ್ಪಿ ನಿಂತಲ್ಲೇ ಗಿರ್ರನೆ ಸುತ್ತುತ್ತವೆ. ಆಗ ರೆಗ್ಯುಲೇಟರನ್ನು ತಕ್ಷಣ ಮುಚ್ಚಿ, ಹಳಿಯ ಮೇಲೆ ಮರಳು ಬಿಟ್ಟು, ಮತ್ತೆ ಮೊದಲಿನಿಂದ ತೆರೆಯಬೇಕು.

ಗಾಡಿ ವೇಗ ಹಿಡಿದ ಮೇಲೆ ರಿವರ್ಸರಿನ ಕೆಲಸ ಶುರುವಾಗುತ್ತದೆ. ಹೊರಡುವಾಗ ಪಿಸ್ಟನ್ನಿನ ನಡೆಯ ಮುಕ್ಕಾಲು ಭಾಗದವರೆಗೂ ಉಗಿ ಒಳಬರುತ್ತಿರುತ್ತದೆ, ಏಕೆಂದರೆ ಆಗ ಬೇಕಾಗಿರುವುದು ಬಲ. ವೇಗ ಹೆಚ್ಚಿದಂತೆ ಚಾಲಕ ರಿವರ್ಸರನ್ನು ಮುನ್ನಡೆಗೂ ಹಿನ್ನಡೆಗೂ ಮಧ್ಯದ ನಡುಸ್ಥಾನದ ಕಡೆಗೆ ಹಂತಹಂತವಾಗಿ ತಿರುಗಿಸಿ, ನಡೆಯ ಶೇಕಡಾ 20 ಅಥವಾ 25ರಲ್ಲೇ ಉಗಿಯ ದಾರಿ ಮುಚ್ಚುವಂತೆ ಮಾಡುತ್ತಾನೆ. ಹೀಗೆ ದಾರಿ ಮುಚ್ಚುವ ಬಿಂದುವೇ ಕಟ್‌ಆಫ್. ಒಳಗೆ ಸಿಕ್ಕಿಕೊಂಡ ಉಗಿ ಹಿಗ್ಗುತ್ತಾ ಉಳಿದ ದೂರವನ್ನು ತಾನೇ ತಳ್ಳುತ್ತದೆ. ಕಲ್ಲಿದ್ದಲು ಮತ್ತು ನೀರು ಉಳಿಯುವುದು ಹೀಗೆ.

ಅದರ ಬದಲು ರೆಗ್ಯುಲೇಟರನ್ನೇ ಅರ್ಧ ಮುಚ್ಚಿ ವೇಗ ಹಿಡಿತದಲ್ಲಿಡಬಾರದೇ ಎಂದು ಕೇಳಬಹುದು. ಮಾಡಬಹುದು, ಹಲವರು ಮಾಡುತ್ತಲೂ ಇದ್ದರು. ಆದರೆ ಇಕ್ಕಟ್ಟಾದ ಕಿಂಡಿಯಲ್ಲಿ ನುಸುಳುವಾಗ ಉಗಿಯ ಶಾಖ ಹೆಚ್ಚೇನೂ ಕಳೆದುಹೋಗದಿದ್ದರೂ ಒತ್ತಡ ಬಿದ್ದುಹೋಗುತ್ತದೆ, ಒತ್ತಡದ ಜೊತೆಗೆ ಕೆಲಸ ಮಾಡುವ ಶಕ್ತಿಯೂ ಕುಂದುತ್ತದೆ. ಹಾಗಾಗಿ ರೆಗ್ಯುಲೇಟರನ್ನು ಅಗಲವಾಗಿ ತೆರೆದು ರಿವರ್ಸರಿನಿಂದ ನಿಯಂತ್ರಿಸುವುದೇ ತತ್ತ್ವಕ್ಕೆ ಹತ್ತಿರವಾದ ಕ್ರಮ. ತೀರಾ ಕಡಿಮೆ ಕಟ್‌ಆಫ್‌ನಲ್ಲಿ ಕುಲುಕಾಡುವ, ಬಡಿದುಕೊಳ್ಳುವ ಇಂಜಿನ್‌ಗಳೂ ಇದ್ದವಾದ್ದರಿಂದ, ಅಂಥವುಗಳ ಮೇಲೆ ಕೂತ ಚಾಲಕ ರೆಗ್ಯುಲೇಟರನ್ನು ತಗ್ಗಿಸಿದರೆ ಅದನ್ನು ತಪ್ಪೆನ್ನಲಾಗದು.

ಆಕ್ಸಿಲರೇಟರಿನ ಹೋಲಿಕೆ ಪೂರ್ತಿ ಕಳಚಿಬೀಳುವುದು ರೆಗ್ಯುಲೇಟರನ್ನು ಮುಚ್ಚುವಾಗ. ಗುಮ್ಮಟದ ಕವಾಟ ಮುಚ್ಚಿದರೂ ಅದರಾಚೆಗೆ ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಕೊಳವೆಗಳಲ್ಲಿ ತುಂಬಿರುವ ಉಗಿ ಸಿಲಿಂಡರಿಗೆ ಹರಿಯುತ್ತಲೇ ಇರುವುದರಿಂದ ಇಂಜಿನ್ ಇನ್ನೂ ಸ್ವಲ್ಪ ಹೊತ್ತು ಎಳೆಯುತ್ತದೆ. ಇದನ್ನು ತಪ್ಪಿಸಲು ಕೆಲವು ವಿನ್ಯಾಸಗಳಲ್ಲಿ ಕವಾಟವನ್ನು ಸೂಪರ್‌ಹೀಟರಿನ ಆಚೆ, ಇಂಜಿನ್ನಿನ ಮುಂಭಾಗದಲ್ಲಿ ಇಟ್ಟರು. ಇದಕ್ಕಿಂತ ಗಂಭೀರವಾದದ್ದು ಬೆಂಕಿಯ ವಿಷಯ. ಸಿಲಿಂಡರಿನಿಂದ ಹೊರಬಿದ್ದ ಉಗಿ ಚಿಮಣಿಯಲ್ಲಿ ಮೇಲೇರುವಾಗ ಉಂಟಾಗುವ ಸೆಳೆತವೇ ಬೆಂಕಿಗೆ ಗಾಳಿಯನ್ನು ಎಳೆದು ತರುತ್ತದೆ. ರೆಗ್ಯುಲೇಟರ್ ಮುಚ್ಚಿದೊಡನೆ ಆ ಸೆಳೆತ ನಿಲ್ಲುವುದರಿಂದ ಜ್ವಾಲೆ ಒಲೆಯ ಬಾಗಿಲಿನಿಂದ ಚಾಲಕ ಮತ್ತು ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ ಕಡೆಗೇ ನುಗ್ಗಬಹುದು. ಆದ್ದರಿಂದ ಬಾಯ್ಲರಿನಿಂದ ನೇರವಾಗಿ ಚಿಮಣಿಗೆ ಉಗಿ ಊದುವ ಬ್ಲೋಯರನ್ನು ಮೊದಲು ತೆರೆದು, ಅನಂತರ ರೆಗ್ಯುಲೇಟರ್ ಮುಚ್ಚಬೇಕು. ಈ ಅನುಕ್ರಮವನ್ನು ಮರೆತವರು ಸುಟ್ಟುಕೊಂಡದ್ದುಂಟು.

ಕ್ಯಾಸಲ್‌ರಾಕ್‌ನಿಂದ ಕುಳೆಂ ಕಡೆಗೆ 37ಕ್ಕೆ 1ರಷ್ಟು ಕಡಿದಾದ ಘಾಟಿ ಇಳಿಯುವಂಥ ಹಾದಿಯಲ್ಲಿ ಇನ್ನೊಂದು ತೊಡಕಿದೆ. ರೆಗ್ಯುಲೇಟರ್ ಮುಚ್ಚಿ ಉರುಳುವಾಗ ಪಿಸ್ಟನ್‌ಗಳು ಪಂಪಿನಂತೆ ವರ್ತಿಸಿ, ಚಿಮಣಿಯ ಬುಡದ ಬಿಸಿ ಅನಿಲವನ್ನೂ ಬೂದಿಯನ್ನೂ ಸಿಲಿಂಡರಿಗೆ ಎಳೆದುಕೊಂಡು ಎಣ್ಣೆಯ ಲೇಪವನ್ನು ಕೆಡಿಸುತ್ತವೆ. ಹೊರಗಿನ ಶುದ್ಧ ಗಾಳಿಯನ್ನು ಒಳಬಿಡುವ ಕವಾಟಗಳನ್ನು ಇದಕ್ಕೆಂದೇ ಅಳವಡಿಸುತ್ತಿದ್ದರು. ಅಷ್ಟಕ್ಕೇ ಬಿಡದೆ, ಇಳಿಜಾರಿನಲ್ಲೂ ರೆಗ್ಯುಲೇಟರನ್ನು ಕೂದಲೆಳೆಯಷ್ಟು ತೆರೆದಿಟ್ಟು ಒಂದಿಷ್ಟು ಉಗಿ ಹಾಯುವಂತೆ ನೋಡಿಕೊಳ್ಳುವ ಚಾಲಕರೂ ಇದ್ದರು.

ಬಾಯ್ಲರಿನ ನೀರು ನೊರೆಯೆದ್ದು ಉಗಿಯ ಜೊತೆ ಉಕ್ಕಿ ಹರಿದಾಗ ರೆಗ್ಯುಲೇಟರ್ ಮುಚ್ಚಲು ಬಾರದೆ ಸಿಕ್ಕಿಕೊಳ್ಳುವುದೂ ಇತ್ತು. ಅಂಥ ಹೊತ್ತಿನಲ್ಲಿ ಚಾಲಕನಿಗೆ ಉಳಿಯುತ್ತಿದ್ದ ದಾರಿ ಎಂದರೆ ಸಿಲಿಂಡರಿನ ನಲ್ಲಿಗಳನ್ನು ತೆರೆದು, ಬ್ರೇಕ್ ಹಾಕಿ, ರಿವರ್ಸರನ್ನು ನಡುಸ್ಥಾನಕ್ಕೆ ತಂದು ನಿಲ್ಲಿಸುವುದು. ಅಲ್ಲಿ ಸಿಲಿಂಡರಿಗೆ ಹೊಕ್ಕುವ ಉಗಿ ಅತ್ಯಲ್ಪವಾದ್ದರಿಂದ, ರೆಗ್ಯುಲೇಟರ್ ತೆರೆದೇ ಇದ್ದರೂ ಇಂಜಿನ್ನಿನ ಎಳೆತ ಹೆಚ್ಚುಕಡಿಮೆ ನಿಂತುಹೋಗುತ್ತದೆ.