ಲೈಸೆನ್ಸ್ ಇರುವ ಕಂಟ್ರಾಕ್ಟರನ್ನು ಹುಡುಕುವುದು ಹೇಗೆ? ಕಾರ್ಡಿನಲ್ಲಿ ನಂಬರ್ ಇದ್ದರೆ ಸಾಕೇ?

ಪ್ರಶ್ನೆ: ಮನೆ ಮೇಲೆ ಇನ್ನೊಂದು ಮಹಡಿ ಕಟ್ಟಿಸಬೇಕು ಅಂತಿದ್ದೇವೆ. ನಮ್ಮ ಸುತ್ತಮುತ್ತ ಲೈಸೆನ್ಸ್ ಇರುವ ಕಂಟ್ರಾಕ್ಟರುಗಳು ಯಾರಿದ್ದಾರೆ ಎಂದು ತಿಳಿಯುವುದು ಹೇಗೆ? ಒಬ್ಬರು ಬಂದು ಜಾಗ ನೋಡಿಕೊಂಡು ಹೋದರು. ಅವರ ವಿಸಿಟಿಂಗ್ ಕಾರ್ಡಿನಲ್ಲಿ ಲೈಸೆನ್ಸ್ ನಂಬರ್ ಇದೆ. ಅಷ್ಟು ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ಕಾರ್ಡಿನಲ್ಲಿ ಅಚ್ಚಾಗಿರುವ ನಂಬರ್ ಅವರೇ ಹೇಳಿಕೊಂಡ ಮಾತು. ಅದು ನಿಜವೇ, ಇವತ್ತಿಗೂ ಚಾಲ್ತಿಯಲ್ಲಿದೆಯೇ, ನಿಮ್ಮ ಕೆಲಸಕ್ಕೆ ಹೊಂದುತ್ತದೆಯೇ, ನಿಮ್ಮ ಮುಂದೆ ನಿಂತವರದ್ದೇ ಎಂದು ಹೇಳಬೇಕಾದವರು ಆ ಲೈಸೆನ್ಸ್ ಕೊಟ್ಟವರು. ಅವರ ರಿಜಿಸ್ಟರನ್ನು ನೀವೇ ತೆರೆದು ನೋಡಬೇಕು. ಕಂಟ್ರಾಕ್ಟರ್ ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ಕೂಡ ಲೆಕ್ಕಕ್ಕಿಲ್ಲ. ಹಳೆಯ ಲೈಸೆನ್ಸಿನ ಫೋಟೊ, ರದ್ದಾದ ಮೇಲೂ ಹಾಗೇ ಇರುತ್ತದೆ.

ಹುಡುಕಾಟ ಶುರು ಮಾಡುವ ಮೊದಲು ನಿಮ್ಮ ಕಡೆ ಲೈಸೆನ್ಸ್ ಕೊಡುವವರು ಯಾರು ಎಂದು ತಿಳಿದುಕೊಳ್ಳಿ. ಇದು ಎಲ್ಲ ಕಡೆ ಒಂದೇ ಥರ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ 1929ರಿಂದ ರಾಜ್ಯಮಟ್ಟದ ಮಂಡಳಿ ಇದೆ, ಕಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್. ಅದೇ ದೇಶದ ಟೆಕ್ಸಾಸಿನಲ್ಲಿ ಸಾಮಾನ್ಯ ಕಟ್ಟಡ ಕಂಟ್ರಾಕ್ಟರಿಗೆ ರಾಜ್ಯದ ಲೈಸೆನ್ಸೇ ಇಲ್ಲ. ಆದರೆ ಎಲೆಕ್ಟ್ರಿಷಿಯನ್, ಪ್ಲಂಬರ್ ಇವರಿಗೆ ಬೇಕು. ನ್ಯೂಯಾರ್ಕ್ ನಗರದಲ್ಲಿ ಮನೆ ದುರಸ್ತಿ ಮಾಡುವವರಿಗೆ ಲೈಸೆನ್ಸ್ ಕೊಡುವುದು ನಗರಾಡಳಿತ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕ್ವೀನ್ಸ್‌ಲ್ಯಾಂಡ್ ಬಿಲ್ಡಿಂಗ್ ಅಂಡ್ ಕನ್‌ಸ್ಟ್ರಕ್ಷನ್ ಕಮಿಷನ್ ಇದನ್ನು ನೋಡಿಕೊಳ್ಳುತ್ತದೆ. ನ್ಯೂಜಿಲೆಂಡಿನಲ್ಲಿ ಮನೆಯ ಮುಖ್ಯ ರಚನೆ ಮತ್ತು ನೀರು ಒಳಗೆ ಬಾರದಂತೆ ತಡೆಯುವ ಭಾಗಗಳ ಕೆಲಸವನ್ನು 2012ರ ಮಾರ್ಚಿನಿಂದ ಲೈಸೆನ್ಸ್ ಇದ್ದವರು ಮಾತ್ರ ಮಾಡಬೇಕು, ಇಲ್ಲವೇ ಅವರ ಮೇಲ್ವಿಚಾರಣೆಯಲ್ಲಿ ಮಾಡಿಸಬೇಕು. ಹಾಗಾಗಿ ಕಟ್ಟಡಕ್ಕೆ ಅನುಮತಿ ಕೊಡುವ ಸ್ಥಳೀಯ ಕಚೇರಿಗೆ ಒಂದು ಫೋನ್ ಮಾಡಿ. "ನಾನು ಮಾಡಿಸಬೇಕಾದ ಈ ಕೆಲಸಕ್ಕೆ ಯಾವ ಲೈಸೆನ್ಸ್ ಬೇಕು, ಅದನ್ನು ಕೊಡುವವರು ಯಾರು, ರಿಜಿಸ್ಟರ್ ಎಲ್ಲಿ ಸಿಗುತ್ತದೆ?" ಎಂದು ಕೇಳಿದರೆ ಸಾಕು.

ನಿಮ್ಮ ಭಾಗದ ಹೆಸರುಗಳು ಸಿಗುವುದೂ ಅಲ್ಲೇ. ಕ್ಯಾಲಿಫೋರ್ನಿಯಾದ ಮಂಡಳಿಯ ಜಾಲತಾಣದಲ್ಲಿ ಊರು ಅಥವಾ ಪಿನ್ ಕೋಡ್ ಹಾಕಿ, ಯಾವ ಬಗೆಯ ಕೆಲಸ ಎಂದು ಆರಿಸಿದರೆ ಲೈಸೆನ್ಸ್ ಇರುವವರ ಪಟ್ಟಿ ಬರುತ್ತದೆ. ಕ್ವೀನ್ಸ್‌ಲ್ಯಾಂಡಿನಲ್ಲೂ ಇಂಥ ಹುಡುಕಾಟಕ್ಕೆ ವ್ಯವಸ್ಥೆ ಇದೆ. ಪಟ್ಟಿಯಲ್ಲಿ ಹೆಸರು ಮೇಲಿದೆ ಎಂದರೆ ಕೆಲಸ ಚೆನ್ನಾಗಿದೆ ಎಂದಲ್ಲ. ಖಾಸಗಿ ಜಾಲತಾಣಗಳಲ್ಲಿ ಹೆಸರು ಮೇಲೆ ಬರಲು ಹಣ ಕೊಡುವುದೂ ಉಂಟು. ಹೆಸರು ಎಲ್ಲಿಂದ ಬೇಕಾದರೂ ಬರಲಿ, ಕೊನೆಗೆ ಅದು ಸರ್ಕಾರಿ ರಿಜಿಸ್ಟರಿನಲ್ಲಿ ಇರಬೇಕು.

ನನ್ನ ಕೇಳಿದರೆ, ಹೆಸರು ಹುಡುಕಲು ಒಳ್ಳೆಯ ಜಾಗ ನಿಮ್ಮ ಸುತ್ತಲಿನ ಬೀದಿಗಳೇ. ಎಲ್ಲೆಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆ ನೋಡಿ. ಎಷ್ಟೋ ನಗರಗಳಲ್ಲಿ ಪರ್ಮಿಟ್ ಪ್ರತಿಯನ್ನು ಕೆಲಸದ ಜಾಗದಲ್ಲಿ ಅಂಟಿಸಬೇಕು, ಅದರಲ್ಲಿ ಕಂಟ್ರಾಕ್ಟರ್ ಹೆಸರು ಇರುತ್ತದೆ. ಪರ್ಮಿಟ್ ದಾಖಲೆಗಳನ್ನು ಸಾರ್ವಜನಿಕರು ನೋಡಲು ಬಿಡುವ ಕಡೆ, ನಿಮ್ಮ ಮನೆಯಂಥದ್ದೇ ಕೆಲಸ ಯಾರು ಮಾಡಿದ್ದಾರೆ ಎಂಬುದೂ ಸಿಗುತ್ತದೆ. ಹತ್ತಿರದಲ್ಲೇ ಕೆಲಸ ಮಾಡುವವರಿಗೆ ಅಲ್ಲಿನ ಮಣ್ಣು, ಮಳೆ, ಸ್ಥಳೀಯ ನಿಯಮ ಗೊತ್ತಿರುತ್ತದೆ. ನಾಳೆ ಗೋಡೆ ಬಿರುಕು ಬಿಟ್ಟರೆ ಕರೆದಾಗ ಬರುವುದೂ ಅವರಿಗೆ ಸುಲಭ.

ಈಗ ನಂಬರ್ ಹಾಕಿ ರಿಜಿಸ್ಟರ್ ತೆರೆದಿರಿ ಎಂದುಕೊಳ್ಳಿ. ಹೆಸರು ಬಂತು ಎಂದು ಅಷ್ಟಕ್ಕೇ ಮುಚ್ಚಬೇಡಿ. ಮೊದಲು ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಅವಧಿ ಮುಗಿದಿದೆಯೇ, ಅಮಾನತಾಗಿದೆಯೇ ಎಂದು ನೋಡಿ. ನಿಮ್ಮ ಕೆಲಸ ಮುಗಿಯುವ ಮೊದಲೇ ಅವಧಿ ತೀರುತ್ತಿದ್ದರೆ ನವೀಕರಣದ ಬಗ್ಗೆ ಈಗಲೇ ಕೇಳಿ. ಆಮೇಲೆ ವರ್ಗ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಕಟ್ಟಡಕ್ಕೆ 'ಬಿ' ವರ್ಗ, ವೈರಿಂಗಿಗೆ 'ಸಿ-10', ಪ್ಲಂಬಿಂಗಿಗೆ 'ಸಿ-36', ಚಾವಣಿಗೆ 'ಸಿ-39' ಎಂದು ಬೇರೆ ಬೇರೆ ಇವೆ. ಚಾವಣಿಯ ಲೈಸೆನ್ಸ್ ಮಾತ್ರ ಇಟ್ಟುಕೊಂಡು ಇಡೀ ಮಹಡಿ ಕಟ್ಟಲು ಒಪ್ಪಿಕೊಳ್ಳುವುದು, ಬೈಕ್ ಲೈಸೆನ್ಸಿನಲ್ಲಿ ಲಾರಿ ಓಡಿಸಿದ ಹಾಗೆ. ಶಿಸ್ತು ಕ್ರಮ ಆಗಿದ್ದರೆ ಅದನ್ನೂ ಓದಿ. ಹಳೆಯ ಸಣ್ಣ ತಕರಾರೊಂದು ಬಗೆಹರಿದಿದ್ದರೆ ನಾನು ಅದನ್ನು ದೊಡ್ಡದು ಮಾಡುವುದಿಲ್ಲ. ಒಂದೇ ರೀತಿಯ ದೂರು ಮತ್ತೆ ಮತ್ತೆ ಬಂದಿದ್ದರೆ ಅವರನ್ನು ಬಿಟ್ಟುಬಿಡಿ.

ಕೆಲಸಗಾರರ ವಿಮೆಯ ವಿವರ ರಿಜಿಸ್ಟರಿನಲ್ಲಿ ಇದ್ದರೆ ಅದನ್ನು ನಿಧಾನವಾಗಿ ನೋಡಿ. ಕೆಲವರು "ನನ್ನ ಹತ್ತಿರ ಆಳುಗಳಿಲ್ಲ, ಒಬ್ಬನೇ ದುಡಿಯುತ್ತೇನೆ" ಎಂದು ಬರೆದುಕೊಟ್ಟು ವಿನಾಯಿತಿ ಪಡೆದಿರುತ್ತಾರೆ. ಅಂಥವರು ಬೆಳಿಗ್ಗೆ ಐದಾರು ಜನರನ್ನು ಕರೆತಂದು ಸಾರ್ವೆ ಹತ್ತಿಸಿದರೆ ಏನರ್ಥ? ಯಾರಾದರೂ ಬಿದ್ದು ಪೆಟ್ಟಾದರೆ ಆ ಹೊಣೆ ಮನೆ ಮಾಲೀಕರ ತಲೆಗೆ ಬರಬಹುದು. ಅದಕ್ಕಿಂತ ಮುಖ್ಯವಾಗಿ, ಬಿದ್ದ ಮನುಷ್ಯನ ಚಿಕಿತ್ಸೆಗೆ ಗತಿ ಇರುವುದಿಲ್ಲ. ವಿಮೆ ಇಲ್ಲದವರಿಂದ ಎತ್ತರದ ಕೆಲಸ ಮಾಡಿಸಲೇಬಾರದು.

ತುಂಬಾ ಜನ ಮೋಸ ಹೋಗುವುದು ಹೆಸರಿನ ವಿಷಯದಲ್ಲಿ. ನಂಬರ್ ನಿಜವಾದದ್ದೇ ಇರುತ್ತದೆ, ಲೈಸೆನ್ಸೂ ಚಾಲ್ತಿಯಲ್ಲಿರುತ್ತದೆ, ಆದರೆ ಅದು ಬೇರೆಯವರದ್ದು. ಭಾವಮೈದುನನದ್ದೋ, ಹಳೆಯ ಪಾಲುದಾರನದ್ದೋ, ದುಡ್ಡು ಕೊಟ್ಟು ಬಳಸಿಕೊಂಡದ್ದೋ ಆಗಿರಬಹುದು. ಇದನ್ನು ಹಿಡಿಯಲು ಒಂದು ಸುಲಭ ದಾರಿ ಇದೆ. ಕಾರ್ಡಿನಲ್ಲಿರುವ ಫೋನಿಗೆ ಮಾಡಬೇಡಿ, ರಿಜಿಸ್ಟರಿನಲ್ಲಿರುವ ಫೋನಿಗೆ ಮಾಡಿ. "ಇಂಥವರು ನಿಮ್ಮ ಕಡೆಯಿಂದ ನಮ್ಮ ಮನೆಗೆ ಬಂದಿದ್ದರು, ಹೌದೇ?" ಎಂದು ಕೇಳಿ. ಬಂದವರ ಫೋಟೊ ಇರುವ ಗುರುತಿನ ಚೀಟಿಯನ್ನೂ ನೋಡಿ. ಕೇಳಲು ಸಂಕೋಚ ಬೇಡ. ಸರಿಯಾಗಿ ದುಡಿಯುವವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ರಿಜಿಸ್ಟರಿನ ಹೆಸರು, ಕರಾರಿನಲ್ಲಿರುವ ಹೆಸರು, ಹಣ ಹೋಗುವ ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಇರಬೇಕು. ಒಂದು ಕಡೆ ತಪ್ಪಿದರೂ ಅಲ್ಲಿಗೆ ನಿಲ್ಲಿಸಿ, ಕಾರಣ ಕೇಳಿ.

"ಪರ್ಮಿಟ್ ನಿಮ್ಮ ಹೆಸರಲ್ಲೇ ತಗೊಳ್ಳಿ ಸಾರ್, ಬೇಗ ಆಗುತ್ತೆ" ಎನ್ನುವ ಮಾತು ಬಂದರೂ ಎಚ್ಚರವಾಗಿರಿ. ಲೈಸೆನ್ಸ್ ಇಲ್ಲದವರು ಈ ದಾರಿ ಹಿಡಿಯುತ್ತಾರೆ, ಏಕೆಂದರೆ ಎಷ್ಟೋ ಕಡೆ ಅವರ ಹೆಸರಲ್ಲಿ ಪರ್ಮಿಟ್ ಸಿಗುವುದೇ ಇಲ್ಲ. ನೀವು ಸಹಿ ಹಾಕಿದರೆ ಕಾಗದದ ಪ್ರಕಾರ ಕಟ್ಟುತ್ತಿರುವುದು ನೀವೇ ಆಗುತ್ತೀರಿ. ಕೆಲಸ ಕೆಟ್ಟರೆ ಕಚೇರಿಯವರು ಹಿಡಿಯುವುದೂ ನಿಮ್ಮನ್ನೇ.

ಇಷ್ಟೆಲ್ಲ ಯಾಕೆ ಎಂದರೆ, ಲೈಸೆನ್ಸ್ ಜೊತೆಗೆ ಕೆಲವು ರಕ್ಷಣೆಗಳೂ ಬರುತ್ತವೆ. ಕ್ವೀನ್ಸ್‌ಲ್ಯಾಂಡಿನಲ್ಲಿ 3,300 ಆಸ್ಟ್ರೇಲಿಯನ್ ಡಾಲರಿಗಿಂತ ಜಾಸ್ತಿಯ ಮನೆ ಕೆಲಸಕ್ಕೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಗೃಹ ವಾರಂಟಿ ವಿಮೆಯ ಕಂತು ಕಟ್ಟಬೇಕು. ಕೆಲಸ ಅರ್ಧಕ್ಕೆ ನಿಂತರೆ ಅಥವಾ ದೋಷ ಸರಿಪಡಿಸದೆ ಹೋದರೆ ಮಾಲೀಕರು ಆ ವಿಮೆಯಲ್ಲಿ ಪರಿಹಾರ ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಬೇಕಾದ ಕೆಲಸವನ್ನು ಲೈಸೆನ್ಸ್ ಇಲ್ಲದೆ ಮಾಡಿದವರಿಗೆ ಕೊಟ್ಟ ಹಣವನ್ನು ವಾಪಸ್ ಪಡೆಯಲು ಮಾಲೀಕರು ಕೋರ್ಟಿಗೆ ಹೋಗಬಹುದು. ಆದರೆ ಆ ಮನುಷ್ಯ ಊರು ಬಿಟ್ಟಿದ್ದರೆ ತೀರ್ಪು ಕೈಲಿದ್ದೂ ಹಣ ಬರುವುದಿಲ್ಲ. ಅಲ್ಲಿ ಲೈಸೆನ್ಸ್ ಇರುವ ಕಂಟ್ರಾಕ್ಟರ್ 25,000 ಡಾಲರಿನ ಬಾಂಡ್, ಅಂದರೆ ನಷ್ಟವಾದವರಿಗೆ ಪರಿಹಾರ ಸಿಗಲೆಂದು ಕೊಡುವ ಖಾತರಿ, ಇಡಬೇಕು. ಅದು ನಿಮ್ಮೊಬ್ಬರಿಗೇ ಇಟ್ಟ ಹಣವಲ್ಲ. ಅವರ ಮೇಲೆ ಹಕ್ಕು ಸಾಧಿಸುವ ಎಲ್ಲರಿಗೂ ಸೇರಿ ಅಷ್ಟು. "ಬಾಂಡ್ ಇದೆ, ಚಿಂತೆ ಬೇಡ" ಎಂದರೆ ಪೂರ್ತಿ ನೆಮ್ಮದಿ ಪಡಬೇಡಿ.

ಅಡ್ವಾನ್ಸ್ ವಿಷಯದಲ್ಲಿ ಗಟ್ಟಿಯಾಗಿರಿ. ಕ್ಯಾಲಿಫೋರ್ನಿಯಾದಲ್ಲಿ ಮನೆ ದುರಸ್ತಿಗೆ ಕರಾರಿನ ಮೊತ್ತದ ಶೇ 10 ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಜಾಸ್ತಿ ಮುಂಗಡ ಕೇಳುವಂತಿಲ್ಲ. ಕ್ವೀನ್ಸ್‌ಲ್ಯಾಂಡಿನಲ್ಲಿ 20,000 ಆಸ್ಟ್ರೇಲಿಯನ್ ಡಾಲರ್ ಅಥವಾ ಅದಕ್ಕಿಂತ ದೊಡ್ಡ ಕರಾರಿಗೆ ಸಾಮಾನ್ಯವಾಗಿ ಶೇ 5 ಮಿತಿ. ನಿಮ್ಮಲ್ಲಿ ಇಂಥ ನಿಯಮ ಇಲ್ಲದಿದ್ದರೂ ಈ ಅಂಕಿಗಳು ಒಂದು ಅಂದಾಜು ಕೊಡುತ್ತವೆ. ಸಾಮಾನು ತರಲು ಅರ್ಧ ಹಣ ಈಗಲೇ ಬೇಕು ಎನ್ನುವವರಿಗೆ "ಸಾಮಾನು ನನ್ನ ಜಾಗಕ್ಕೆ ಬಂದ ಮೇಲೆ ಕೊಡುತ್ತೇನೆ" ಎನ್ನಿ. ಉಳಿದದ್ದನ್ನು ಪಾಯ, ಗೋಡೆ, ಚಾವಣಿ ಎಂದು ಹಂತಕ್ಕೆ ಕಟ್ಟಿ, ಕರಾರಿನಲ್ಲಿ ಬರೆಸಿ. ಸುಮ್ನೆ ತಿಂಗಳ ಲೆಕ್ಕದಲ್ಲಿ ಕೊಡುತ್ತಾ ಹೋದರೆ ಹಣ ಮುಂದೆ ಓಡುತ್ತದೆ, ಕೆಲಸ ಹಿಂದೆ ಉಳಿಯುತ್ತದೆ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಕೈಕೆಲಸ ಚೆನ್ನಾಗಿರುತ್ತದೆ ಎಂದು ಯಾರೂ ಭರವಸೆ ಕೊಡುವುದಿಲ್ಲ. ಅದಕ್ಕೆ ಅವರು ಕಟ್ಟಿದ ಮನೆಗಳನ್ನು ಹೋಗಿ ನೋಡಬೇಕು. ಹೊಸದಾಗಿ ಬಣ್ಣ ಬಳಿದ ಮನೆ ತೋರಿಸಿದರೆ ಸಾಲದು. ಕೆಲವು ಮಳೆಗಾಲ ಕಂಡ ಮನೆ ತೋರಿಸಿ ಎನ್ನಿ. ಸೋರಿಕೆ, ಬಿರುಕು, ಬಾಗಿಲು ಹಿಡಿದುಕೊಳ್ಳುವುದು, ಇವೆಲ್ಲ ಕಾಣಿಸಿಕೊಳ್ಳಲು ಸಮಯ ಬೇಕು. ಅಲ್ಲಿನವರನ್ನು "ಕೆಲಸ ಮುಗಿದ ಮೇಲೆ ಕರೆದಾಗ ಬಂದರಾ?" ಎಂದು ಕೇಳಿ. ನನಗೆ ಎಲ್ಲಕ್ಕಿಂತ ಜಾಸ್ತಿ ಬೆಲೆಯುಳ್ಳ ಉತ್ತರ ಅದು.

ಕಂಟ್ರಾಕ್ಟರಿಗೆ ಲೈಸೆನ್ಸ್ ಪದ್ಧತಿಯೇ ಇಲ್ಲದ ಕಡೆ ಇದ್ದರೆ ಏನು ಮಾಡುವುದು? ಬ್ರಿಟನ್ನಿನಲ್ಲಿ ಸಾಮಾನ್ಯ ಬಿಲ್ಡರಿಗೆ ಕಡ್ಡಾಯ ಲೈಸೆನ್ಸ್ ಇಲ್ಲ. ಆದರೆ ಅಲ್ಲೂ ಗ್ಯಾಸ್ ಕೆಲಸವನ್ನು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಇರುವವರೇ ಮಾಡಬೇಕು. ಇಂಥ ಕಡೆ ಇಡೀ ತಂಡವನ್ನು ಪರೀಕ್ಷಿಸಲು ಆಗುವುದಿಲ್ಲ, ಜೀವಕ್ಕೆ ಅಪಾಯ ಇರುವ ಕೆಲಸಗಳನ್ನು ಪರೀಕ್ಷಿಸಬಹುದು. ವೈರಿಂಗ್, ಗ್ಯಾಸ್ ಮುಟ್ಟುವವರ ನೋಂದಣಿ ನೋಡಿ. ಪಿಲ್ಲರ್, ಬೀಮ್, ಹೊಸ ಮಹಡಿಯ ಭಾರ ಇವನ್ನೆಲ್ಲ ಕಂಟ್ರಾಕ್ಟರಿನ ಅಂದಾಜಿಗೆ ಬಿಡದೆ, ಅರ್ಹತೆ ಇರುವ ಸ್ಟ್ರಕ್ಚರಲ್ ಎಂಜಿನಿಯರಿಂದ ಲೆಕ್ಕ ಹಾಕಿಸಿ. ನೀವು ಮೇಲೆ ಮಹಡಿ ಏರಿಸುತ್ತಿರುವುದರಿಂದ ಇದು ನಿಮಗೆ ಲೈಸೆನ್ಸಿನಷ್ಟೇ ಮುಖ್ಯ. ಕೆಳಗಿನ ಪಾಯ ಆ ಭಾರ ತಡೆಯುತ್ತದೆಯೇ ಎಂದು ಮೊದಲು ಗೊತ್ತಾಗಬೇಕು.

ಕಾರ್ಡಿನ ನಂಬರ್ ರಿಜಿಸ್ಟರಿನಲ್ಲಿ ಸಿಗದಿದ್ದರೆ ಒಂದು ಅಂಕಿ ತಪ್ಪು ಅಚ್ಚಾಗಿರಬಹುದು, ಹೆಸರು ಹಾಕಿಯೂ ಹುಡುಕಿ. ಆಗಲೂ ಸಿಗದಿದ್ದರೆ ಹಣ ಕೊಡಬೇಡಿ, ಸಹಿ ಹಾಕಬೇಡಿ. ಕಾರ್ಡಿನ ಫೋಟೊ ತೆಗೆದು ಲೈಸೆನ್ಸ್ ಕೊಡುವ ಸಂಸ್ಥೆಗೆ ಕಳಿಸಿ. ಅದೇ ಕಾರ್ಡ್ ನಿಮ್ಮ ಬೀದಿಯ ಬೇರೆ ಮನೆಗಳಿಗೂ ಹೋಗಿರುತ್ತದೆ.